ಬಾಂಬೆ ಡಾಕ್‌ನಲ್ಲಿ ಹುಟ್ಟಿದ ಬ್ರಿಟಿಷ್ ಹಾಯಿಹಡಗುಗಳು

(ಗೆಳೆಯರ ಬಳಗದಲ್ಲಿ ಆಡಿದ ಮಾತು ಇದು. ಬಂದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.)

ಬ್ರಿಟಿಷ್ ನೌಕಾಪಡೆಯ ಹಳೆಯ ಹಾಯಿಹಡಗು ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ವಿಕ್ಟರಿ. ಬ್ರಿಟಿಷ್ ಅಡ್ಮಿರಲ್ ನೆಲ್ಸನ್, 1805ರ ಟ್ರಫಾಲ್ಗರ್ ಕದನ, ಅವನು ಗುಂಡೇಟು ತಿಂದು ಬಿದ್ದ ಜಾಗ, ಇದೆಲ್ಲ ನಮಗೆ ಶಾಲೆಯಿಂದಲೇ ಗೊತ್ತು. ಆ ಹಡಗು ಈಗಲೂ ಪೋರ್ಟ್ಸ್‌ಮತ್‌ನಲ್ಲಿದೆ. ಆದರೆ ನೀರಿನಲ್ಲಿಲ್ಲ, ಒಣ ಡಾಕ್‌ನಲ್ಲಿ ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಇವತ್ತಿಗೂ ನೀರಿನ ಮೇಲೆ ತೇಲುತ್ತಿರುವ ಬ್ರಿಟನ್ನಿನ ಅತಿ ಹಳೆಯ ಯುದ್ಧಹಡಗು ಬೇರೆ ಇದೆ. ಅದರ ಹೆಸರು ಟ್ರಿಂಕೋಮಲಿ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟ್ಲ್‌ಪೂಲ್ ಎಂಬ ಊರಿನಲ್ಲಿದೆ. ಅದನ್ನು ಕಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ, ನಮ್ಮ ಬಾಂಬೆಯಲ್ಲಿ. ಮರ ಮಲಬಾರಿನ ತೇಗ. ಕಟ್ಟಿಸಿದ ಮೇಸ್ತ್ರಿ ಜಮ್ಶೇಟ್‌ಜಿ ಬೊಮಂಜಿ ವಾಡಿಯಾ ಎಂಬ ಪಾರ್ಸಿ.

ಇಷ್ಟು ಹೇಳಿದ ಕೂಡಲೇ ಕೆಲವರು ಹೆಮ್ಮೆಯಿಂದ ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಕಥೆಯಲ್ಲಿ ಹೆಮ್ಮೆ ಪಡುವುದಕ್ಕಿಂತ ಜಾಸ್ತಿ ಬೇರೇನೋ ಇದೆ. ಹಡಗಿನ ಚರಿತ್ರೆಯನ್ನು ಯಾವಾಗಲೂ ಕ್ಯಾಪ್ಟನ್ನಿನಿಂದ ಶುರುಮಾಡುತ್ತಾರೆ: ಯಾರು ನಡೆಸಿದರು, ಎಲ್ಲಿ ಹೊಡೆದಾಡಿದರು, ಯಾವ ದ್ವೀಪ ಕಂಡುಹಿಡಿದರು. ನಾನು ಕಾಡಿನಿಂದ ಶುರುಮಾಡುತ್ತೇನೆ.

ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ನಿಗೆ ಒಳ್ಳೆಯ ಓಕ್ ಮರ ಸಾಲದೆ ಬಂದಿತ್ತು. ವಿಕ್ಟರಿಯಂಥ ಒಂದು ದೊಡ್ಡ ಹಡಗಿಗೆ ಸುಮಾರು 6,000 ಮರ ಬೇಕಾಯಿತು, ಬಹುಪಾಲು ಓಕ್. ಅದೂ ಎಂಥ ಮರ? ಹಲಗೆಗೆ ನೆಟ್ಟಗಿರುವ ಮರ ಬೇಕು, ಹಡಗಿನ ಹೊಟ್ಟೆಯ ಬಾಗಿಗೆ ಹುಟ್ಟಿನಿಂದಲೇ ಸೊಟ್ಟಗೆ ಬೆಳೆದ ಮರ ಬೇಕು. ನೆಟ್ಟಗಿರುವುದನ್ನು ಬಗ್ಗಿಸಿ ಕೂರಿಸಿದರೆ ಬಲ ಇರುವುದಿಲ್ಲ. ಹೀಗೆ ಬೆಳೆದ ಓಕ್ ಹಡಗಿಗೆ ಬರಲು ನೂರು ವರ್ಷದ ಮೇಲೆ ಬೇಕು. ಫ್ರಾನ್ಸ್ ಜೊತೆ ಯುದ್ಧ ಮಾತ್ರ ನೂರು ವರ್ಷ ಕಾಯುವುದಿಲ್ಲವಲ್ಲ. ಅವಸರಕ್ಕೆ ಹಸಿ ಮರದಲ್ಲೇ ಕಟ್ಟಿದರು, ಅದು ಒಳಗಿಂದಲೇ ಕೊಳೆಯಿತು. 1810ರಲ್ಲಿ ನೀರಿಗಿಳಿಸಿದ ಕ್ವೀನ್ ಶಾರ್ಲೆಟ್ ಎಂಬ ದೊಡ್ಡ ಹಡಗು ಒಂದು ಸಲವೂ ಸೇವೆಗೆ ಹೋಗುವ ಮೊದಲೇ ಬೂಷ್ಟು ಹಿಡಿದು ಹಾಳಾಗಿ, ಮತ್ತೆ ಕಟ್ಟುವಂತಾಯಿತು.

ತೇಗದ ಗುಣವೇ ಬೇರೆ. ಅದರಲ್ಲಿ ಎಣ್ಣೆಯ ಅಂಶ ಇದೆ. ಮರಕೊರೆಯುವ ಹುಳ ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ, ನೀರಲ್ಲಿ ನೆನೆದು ಬಿಸಿಲಲ್ಲಿ ಒಣಗಿದರೂ ಜಾಸ್ತಿ ಬಿರಿಯುವುದಿಲ್ಲ. ಇನ್ನೊಂದು ವಿಷಯ, ಬಡಗಿಗಳಿಗೆ ಚೆನ್ನಾಗಿ ಗೊತ್ತಿರುವಂಥದ್ದು: ಓಕ್‌ನಲ್ಲಿ ಒಗರು ಹುಳಿ ಇರುವುದರಿಂದ ಅದರೊಳಗೆ ಹೊಡೆದ ಕಬ್ಬಿಣದ ಮೊಳೆ ತುಕ್ಕು ಹಿಡಿದು ಹೋಗುತ್ತದೆ, ತೇಗದ ಎಣ್ಣೆ ಅದೇ ಮೊಳೆಯನ್ನು ಕಾಪಾಡುತ್ತದೆ. ನಮ್ಮ ಹಳೆಯ ಮನೆಗಳ ಸಾಗುವಾನಿ ಬಾಗಿಲಿನಿಂದ ಮೊಳೆ ಕೀಳಲು ಹೋದವರಿಗೆ ಇದು ಗೊತ್ತಿರುತ್ತದೆ, ಅಲ್ವಾ? ಆ ಮೊಳೆ ಜಪ್ಪಯ್ಯ ಅಂದರೂ ಬರುವುದಿಲ್ಲ.

ಆ ತೇಗ ಇದ್ದದ್ದು ಪಶ್ಚಿಮ ಘಟ್ಟದಲ್ಲಿ. ಇಲ್ಲಿ ನಮ್ಮ ಕಥೆ ಸೇರುತ್ತದೆ. ಮಲಬಾರ್ ಮತ್ತು ಕೆನರಾ ಎರಡೂ ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿದ್ದ ಕರಾವಳಿ. ಹೈದರ್ ತನ್ನದೇ ನೌಕಾಪಡೆ ಕಟ್ಟಲು ಹೊರಟವನು. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು, ಬಂದರಿನಲ್ಲಿದ್ದ ಆ ಹಡಗುಗಳನ್ನು ನಾಶ ಮಾಡಿದ. ಟಿಪ್ಪುವಿನ ಜೊತೆಗಿನ 1792ರ ಒಪ್ಪಂದದಲ್ಲಿ ಮಲಬಾರ್ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಕೂಡ ಹೋಯಿತು. ತೇಗಕ್ಕಾಗಿಯೇ ಆ ಯುದ್ಧಗಳು ನಡೆದವು ಎಂದು ನಾನು ಹೇಳುತ್ತಿಲ್ಲ. ಆದರೆ ಯುದ್ಧ ಮುಗಿದಾಗ ಘಟ್ಟದ ಕಾಡು ಯಾರ ಕೈಗೆ ಬಂತು ಎಂಬುದು ನಮ್ಮ ಪಠ್ಯಗಳಲ್ಲಿ ಒಂದು ಸಾಲೂ ಇಲ್ಲದೆ ಹೋಗುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ.

ಕಂಪನಿ ಸುಮ್ನೆ ಕೂರಲಿಲ್ಲ. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಮಲಬಾರ್ ಮತ್ತು ತಿರುವಾಂಕೂರಿನ ಕಾಡುಗಳಿಗೆ ಕನ್ಸರ್ವೇಟರ್, ಅಂದರೆ ಸಂರಕ್ಷಕ, ಆಗಿ ನೇಮಿಸಿತು. ಭಾರತದಲ್ಲಿ ಅಂಥ ಹುದ್ದೆ ಅದೇ ಮೊದಲು. ಕಾಡು ಉಳಿಸುವುದು ಅವನ ಕೆಲಸ ಎಂದು ಹೆಸರು ಕೇಳಿದರೆ ಅನಿಸುತ್ತದೆ. ನಿಜವಾದ ಕೆಲಸ ನೌಕಾಪಡೆಗೆ ಬೇಕಾದ ತೇಗ ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳುವುದು. ತೇಗ ಸರ್ಕಾರದ ಸ್ವತ್ತು ಎಂದು ಸಾರಿದರು. ತಲೆತಲಾಂತರದಿಂದ ತಮ್ಮ ಜಾಗದ ಮರ ಕಡಿದು ಮಾರುತ್ತಿದ್ದ ಜಮೀನುದಾರರು, ಮರದ ವ್ಯಾಪಾರಿಗಳು, ಮನೆಗೆ ಒಂದು ತೊಲೆ ಬೇಕು ಅಂದರೂ ಅಪ್ಪಣೆ ಕೇಳಬೇಕಾದ ರೈತರು, ಎಲ್ಲರೂ ರೊಚ್ಚಿಗೆದ್ದರು. ಕೊನೆಗೆ 1823ರ ಹೊತ್ತಿಗೆ ಆ ಹುದ್ದೆಯನ್ನೇ ರದ್ದು ಮಾಡಿದ್ದು ಮದರಾಸಿನ ಗವರ್ನರ್ ಥಾಮಸ್ ಮನ್ರೋ. ಟಿಪ್ಪುವಿನ ನಂತರ ಕೆನರಾಕ್ಕೆ ಮೊದಲ ಕಲೆಕ್ಟರ್ ಆಗಿ ಬಂದದ್ದು ಇದೇ ಮನ್ರೋ. ನಮ್ಮ ಕರಾವಳಿಯ ರೈತರ ಸಿಟ್ಟು ಎಂಥದ್ದು ಎಂದು ಅವನು ಕಣ್ಣಾರೆ ಕಂಡಿದ್ದ.

ಹೀಗೆ ಕಡಿದ ಮರ ಆನೆಗಳ ಎಳೆತದಲ್ಲಿ ಹೊಳೆಗೆ, ಹೊಳೆಯಲ್ಲಿ ತೇಲಿ ಕರಾವಳಿಗೆ, ಕರಾವಳಿಯಿಂದ ಬಾಂಬೆಗೆ ಹೋಗುತ್ತಿತ್ತು.

ಬಾಂಬೆಯಲ್ಲಿ ವಾಡಿಯಾ ಮನೆತನ ಇತ್ತು. ಲವ್ಜಿ ನಸರ್ವಾನ್ಜಿ ವಾಡಿಯಾ 1736ರಲ್ಲಿ ಸೂರತ್ತಿನಿಂದ ತನ್ನ ಬಡಗಿಗಳ ಜೊತೆ ಬಂದವನು. 1750ರಲ್ಲಿ ಅಲ್ಲಿ ಒಣ ಡಾಕ್ ತಯಾರಾಯಿತು. ಹಡಗನ್ನು ಒಳಗೆ ತಂದು, ಬಾಗಿಲು ಮುಚ್ಚಿ, ನೀರು ಹೊರಗೆ ಹಾಕಿ, ತಳದಲ್ಲೂ ಕೆಲಸ ಮಾಡುವಂಥ ಕಲ್ಲಿನ ಕಟ್ಟಡ ಅದು. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಮೇಸ್ತ್ರಿ ಪದವಿ ನಡೆದುಕೊಂಡು ಬಂತು. ಜಮ್ಶೇಟ್‌ಜಿ ಲವ್ಜಿಯ ಮೊಮ್ಮಗ. ಅವನ ಕಾಲಕ್ಕೆ ನೌಕಾಪಡೆ ನಡೆಸುವ ಬ್ರಿಟಿಷ್ ಅಡ್ಮಿರಾಲ್ಟಿಗೆ ಬಾಂಬೆಯ ಕೆಲಸದ ಮೇಲೆ ಎಷ್ಟು ನಂಬಿಕೆ ಬಂತೆಂದರೆ, ಸಣ್ಣಪುಟ್ಟ ಹಡಗಲ್ಲ, 74 ಫಿರಂಗಿಯ ದೊಡ್ಡ ಯುದ್ಧಹಡಗನ್ನೇ ಕಟ್ಟಲು ಹೇಳಿದರು. 1810ರಲ್ಲಿ ನೀರಿಗಿಳಿದ ಮಿಂಡನ್ ಅದು.

ಇನ್ನು ಟ್ರಿಂಕೋಮಲಿ. 1812ರಲ್ಲಿ ಆರ್ಡರ್ ಬಂತು. ನಕ್ಷೆ ಲೀಡಾ ಎಂಬ ಹಡಗಿನದ್ದು, ಆ ನಕ್ಷೆಯೂ ಇಂಗ್ಲಿಷರದ್ದಲ್ಲ. 1782ರಲ್ಲಿ ಹಿಡಿದ ಎಬೆ ಎಂಬ ಫ್ರೆಂಚ್ ಹಡಗನ್ನು ಅಳೆದು ಮಾಡಿಕೊಂಡದ್ದು. ಅಂದರೆ ಫ್ರೆಂಚ್ ಆಕಾರ, ಮಲಬಾರಿನ ಮರ, ಪಾರ್ಸಿ ಕೈ, ಬ್ರಿಟಿಷ್ ಬಾವುಟ.

ನಕ್ಷೆಗಳನ್ನು ಜಾವಾ ಎಂಬ ಹಡಗಿನಲ್ಲಿ ಬಾಂಬೆಗೆ ಕಳಿಸಿದರು. ಅದೇ ಹಡಗಿನಲ್ಲಿ ಬಾಂಬೆ ಸೇನೆಗೆ ಹೊಸ ಮುಖ್ಯ ಸೇನಾಪತಿ ಆಗಿ ಬರುತ್ತಿದ್ದ ಜನರಲ್ ಹಿಸ್ಲಪ್ ಇದ್ದ, ಅಲ್ಲಿ ಕಟ್ಟುತ್ತಿದ್ದ ಹಡಗುಗಳ ತಳಕ್ಕೆ ಹೊದಿಸುವ ತಾಮ್ರವೂ ಇತ್ತು. ಬ್ರಿಟನ್ನಿಗೂ ಅಮೆರಿಕಕ್ಕೂ ಆಗ ಯುದ್ಧ. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯ ಹತ್ತಿರ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಎದುರಾಯಿತು. ಕೆಲವು ತಾಸಿನ ಹೊಡೆದಾಟದಲ್ಲಿ ಜಾವಾದ ಹಾಯಿ ಕಟ್ಟುವ ಕೂವೆಮರಗಳೆಲ್ಲ ಉರುಳಿದವು, ಕ್ಯಾಪ್ಟನ್ ಲ್ಯಾಂಬರ್ಟ್ ಸಾಯುವಂಥ ಗಾಯ ತಿಂದ. ಕಾನ್‌ಸ್ಟಿಟ್ಯೂಷನ್‌ನ ಚುಕ್ಕಾಣಿ ಚಕ್ರವೂ ಗುಂಡಿಗೆ ಹಾರಿಹೋಗಿತ್ತು, ಅದಕ್ಕೆ ಅವರು ಜಾವಾದ ಚಕ್ರವನ್ನೇ ಕಿತ್ತು ಹಾಕಿಕೊಂಡರು. ಆಮೇಲೆ ಜಾವಾಕ್ಕೆ ಬೆಂಕಿ ಇಟ್ಟರು. ನಕ್ಷೆ ಹೋಯಿತು. ಲಂಡನ್ನಿನಿಂದ ಮತ್ತೆ ಪ್ರತಿ ಬರೆಸಿ ಕಳಿಸಬೇಕಾಯಿತು, ಕೆಲಸ ಶುರುವಾಗಿದ್ದು 1816ರಲ್ಲಿ. ನನಗೆ ಈ ಪ್ರಸಂಗ ಯಾಕೆ ಇಷ್ಟ ಗೊತ್ತಾ? 1797ರಲ್ಲಿ ನೀರಿಗಿಳಿದ ಕಾನ್‌ಸ್ಟಿಟ್ಯೂಷನ್ ಈಗಲೂ ಬಾಸ್ಟನ್‌ನಲ್ಲಿ ತೇಲುತ್ತಿದೆ. ಒಂದು ಹಡಗು ಇನ್ನೊಂದರ ನಕ್ಷೆಯನ್ನು ಸುಟ್ಟಿತು. ಇನ್ನೂರು ವರ್ಷ ಕಳೆದ ಮೇಲೆ ಅಟ್ಲಾಂಟಿಕ್‌ನ ಆ ಕಡೆ ಒಂದು, ಈ ಕಡೆ ಒಂದು, ಎರಡೂ ಉಳಿದಿವೆ.

ತಳದ ಉದ್ದ ತೊಲೆಯನ್ನು ಇಟ್ಟ ದಿನ ಪಾರ್ಸಿ ಸಂಪ್ರದಾಯದಂತೆ ಅದಕ್ಕೆ ಅಕ್ಷರ ಕೆತ್ತಿದ ಬೆಳ್ಳಿಯ ಮೊಳೆ ಹೊಡೆದರು. ಹಡಗಿಗೆ ಒಳ್ಳೆಯದಾಗಲಿ ಎಂದು. ಸಾಮ್ರಾಜ್ಯದ ಯುದ್ಧಯಂತ್ರ ಅದು, ಆದರೂ ಕಟ್ಟುವವನು ಮಗುವಿಗೆ ಮಾಡುವ ಶಾಸ್ತ್ರದ ಹಾಗೆ ಅದಕ್ಕೂ ಶಾಸ್ತ್ರ ಮಾಡಿದ. 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದರು. ಖರ್ಚು ಸುಮಾರು 23,000 ಪೌಂಡ್. ಫಿರಂಗಿ ಅಟ್ಟದ ಉದ್ದ 150 ಅಡಿ, ಅಗಲ 40 ಅಡಿ, 46 ಫಿರಂಗಿ. ಅದರಲ್ಲಿ ಮುಖ್ಯವಾದವು 18 ಪೌಂಡ್ ಗುಂಡಿನವು. ಒಂದೊಂದು ಗುಂಡು ಎಂಟು ಕಿಲೋ ಭಾರ, ಒಂದೊಂದು ಫಿರಂಗಿ ಸುಮಾರು ಎರಡು ಟನ್.

ಒಳಗೆ ಬದುಕು ಹೇಗಿತ್ತು ಎಂದು ಒಬ್ಬರು ಕೇಳಿದ್ದರು. ನಾವಿಕರು ಮಲಗುತ್ತಿದ್ದದ್ದು ಬಟ್ಟೆಯ ತೂಗುಹಾಸಿಗೆಯಲ್ಲಿ. ನೌಕಾಪಡೆಯ ನಿಯಮದ ಪ್ರಕಾರ ಒಬ್ಬನಿಗೆ ಸಿಗುತ್ತಿದ್ದ ಅಗಲ 14 ಇಂಚು. ಅಂದರೆ ಸುಮಾರು ಒಂದೂವರೆ ಗೇಣು. ಸರದಿಯ ಮೇಲೆ ಅರ್ಧ ಜನ ಮೇಲೆ ಕೆಲಸದಲ್ಲಿ ಇರುವುದರಿಂದ ಪಕ್ಕದ ಜಾಗ ಖಾಲಿ ಇದ್ದರೆ 28 ಇಂಚು ಸಿಕ್ಕಿತು ಅನ್ನಿ. ಕೆಳ ಅಟ್ಟದಲ್ಲಿ ಉದ್ದ ಆಳು ನೆಟ್ಟಗೆ ನಿಲ್ಲುವಂತಿಲ್ಲ, ತೊಲೆ ತಲೆಗೆ ಬಡಿಯುತ್ತದೆ. ಕಿಟಕಿ ಇಲ್ಲ. ಊಟದ ಹಲಗೆಯನ್ನೂ ಮೇಲಿನಿಂದ ಹಗ್ಗದಲ್ಲೇ ತೂಗುಬಿಟ್ಟಿರುತ್ತಿದ್ದರು, ಊಟ ಆದ ಮೇಲೆ ಎತ್ತಿ ಕಟ್ಟಿಬಿಡುವುದು. ಇನ್ನೂರೈವತ್ತು, ಮುನ್ನೂರು ಗಂಡಸರು ತಿಂಗಳುಗಟ್ಟಲೆ ಹೀಗೆ.

ಟ್ರಿಂಕೋಮಲಿಯ ಮೊದಲ ಪಯಣ ಬಾಂಬೆಯಿಂದ ಇಂಗ್ಲೆಂಡಿಗೆ. ದಾರಿಯಲ್ಲಿ 1819ರ ಜನವರಿಯಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಕೆಲವು ದಿನ ನಿಂತಿತು. ಅಲ್ಲಿ ಆಗ ನೆಪೋಲಿಯನ್ ಸೆರೆಯಲ್ಲಿದ್ದ. ಅವನಿಗೆ ಚಿಕಿತ್ಸೆ ಕೊಟ್ಟಿದ್ದ ಜಾನ್ ಸ್ಟೋಕೋ ಎಂಬ ವೈದ್ಯ ಇದೇ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟ. ನೆಪೋಲಿಯನ್ ವಿರುದ್ಧ ಹೋರಾಡಲು ಆರ್ಡರ್ ಆದ ಹಡಗು, ಕಟ್ಟಿ ಮುಗಿಯುವ ಹೊತ್ತಿಗೆ ಅವನು ಸೋತು ದ್ವೀಪ ಸೇರಿದ್ದಾನೆ, ಅದಕ್ಕೆ ಸಿಕ್ಕ ಕೆಲಸ ಅವನ ವೈದ್ಯನನ್ನು ಊರಿಗೆ ಕರೆದೊಯ್ಯುವುದು. ಏಪ್ರಿಲ್‌ನಲ್ಲಿ ಪೋರ್ಟ್ಸ್‌ಮತ್ ತಲುಪಿತು. ಯುದ್ಧ ಇಲ್ಲ, ಹಡಗು ಬೇಡ. ಕೂವೆಮರ ಇಳಿಸಿ, ಮೇಲೆ ಮಾಡು ಹಾಕಿ ಕಟ್ಟಿ ನಿಲ್ಲಿಸಿದರು. 25 ವರ್ಷ ಹಾಗೇ ಇತ್ತು. ಓಕ್ ಹಡಗಾಗಿದ್ದರೆ ಅಷ್ಟರಲ್ಲಿ ಕತೆ ಮುಗಿಯುವುದೇ ಹೆಚ್ಚು. ಇದರ ಮರ ಅಲುಗಲಿಲ್ಲ.

1845ರಲ್ಲಿ ಹಿಂಭಾಗ ಬದಲಿಸಿ, ಫಿರಂಗಿಗಳನ್ನು 46ರಿಂದ 26ಕ್ಕೆ ಇಳಿಸಿ, ಬೇರೆ ಭಾರಿ ಫಿರಂಗಿ ಇಟ್ಟು ಸಿದ್ಧ ಮಾಡಿದರು. 1847ರಿಂದ 1850ರವರೆಗೆ ಉತ್ತರ ಅಮೆರಿಕ ಮತ್ತು ವೆಸ್ಟ್ ಇಂಡೀಸ್. 1852ರಿಂದ 1857ರವರೆಗೆ ಕ್ಯಾಪ್ಟನ್ ವಾಲೇಸ್ ಹೌಸ್ಟನ್ ಕೈಕೆಳಗೆ ಪೆಸಿಫಿಕ್. ಈ ಎರಡನೆಯ ಪಯಣ ನೋಡಿ, ದಕ್ಷಿಣ ಅಮೆರಿಕದ ತುದಿ ದಾಟಿ, ಚಿಲಿಯ ವಾಲ್‌ಪರೈಸೊ ಮುಟ್ಟಿ, ಅಲ್ಲಿಂದ ವ್ಯಾಂಕೂವರ್ ದ್ವೀಪ, ಹವಾಯಿ, ಮತ್ತೆ ಉತ್ತರಕ್ಕೆ ಬೇರಿಂಗ್ ಜಲಸಂಧಿಯ ಬಾಯಿಯವರೆಗೆ. ಮಲಬಾರಿನ ಮಳೆಯಲ್ಲಿ ಬೆಳೆದ ಮರ ಹಿಮಗಡ್ಡೆಯ ಕಡಲಿಗೆ ಹೋಯಿತು. ಅಲ್ಲಿಗೆ ಹೋದದ್ದು ಯಾಕೆ? 1845ರಲ್ಲಿ ಜಾನ್ ಫ್ರಾಂಕ್ಲಿನ್ ಎರಿಬಸ್ ಮತ್ತು ಟೆರರ್ ಎಂಬ ಎರಡು ಹಡಗುಗಳಲ್ಲಿ ಉತ್ತರದ ಹಿಮದ ನಡುವೆ ದಾರಿ ಹುಡುಕಲು ಹೋಗಿ ಕಾಣೆಯಾಗಿದ್ದ. 129 ಮಂದಿ, ಒಬ್ಬರೂ ಬದುಕಿ ಬರಲಿಲ್ಲ. ಆ ಹುಡುಕಾಟಕ್ಕೆಂದು ಅಲಾಸ್ಕಾ ತೀರದ ಪೋರ್ಟ್ ಕ್ಲಾರೆನ್ಸ್‌ನಲ್ಲಿ ಕಾದು ಕೂತಿದ್ದ ರ‍್ಯಾಟಲ್‌ಸ್ನೇಕ್ ಹಡಗಿಗೆ 1854ರಲ್ಲಿ ದಿನಸಿ ಸಾಮಾನು ತಲುಪಿಸಿದ್ದು ಟ್ರಿಂಕೋಮಲಿ. ಫ್ರಾಂಕ್ಲಿನ್ನನ ಹಡಗುಗಳು ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ, 2014ರಲ್ಲಿ ಒಂದು, 2016ರಲ್ಲಿ ಇನ್ನೊಂದು, ಸಮುದ್ರದ ತಳದಲ್ಲಿ.

ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಸಾಲ್ಟ್ ಸ್ಪ್ರಿಂಗ್ ಎಂಬ ದ್ವೀಪ ಇದೆ. ಅದರ ಒಂದು ಪಕ್ಕದ ಕಡಲ ದಾರಿಗೆ ಟ್ರಿಂಕೋಮಲಿ ಚಾನೆಲ್ ಎಂದು ಹೆಸರು, ಈ ಹಡಗಿನದ್ದೇ. ಹತ್ತಿರದಲ್ಲೇ ಹೌಸ್ಟನ್ ಪ್ಯಾಸೇಜ್. ಅದೇ ದ್ವೀಪದ ಮುಖ್ಯ ಬಂದರಿಗೆ ಗ್ಯಾಂಜಸ್ ಎಂದು ಹೆಸರು. ಇದು ನಮ್ಮ ನದಿಯಿಂದ ನೇರವಾಗಿ ಬಂದದ್ದಲ್ಲ, ಗ್ಯಾಂಜಸ್ ಎಂಬ ಯುದ್ಧಹಡಗಿನಿಂದ ಬಂದದ್ದು, ಅದನ್ನು 1821ರಲ್ಲಿ ನೀರಿಗಿಳಿಸಿದ್ದೂ ಬಾಂಬೆಯಲ್ಲೇ. ವ್ಯಾಂಕೂವರ್ ಕಡೆ ಇರುವ ಕನ್ನಡಿಗರು ದೋಣಿಯಲ್ಲಿ ಆ ಕಡೆ ಹೋದಾಗ ಒಮ್ಮೆ ನಕ್ಷೆ ತೆಗೆದು ನೋಡಿ.

ಇಲ್ಲಿಯವರೆಗೆ ಹೇಳಿದ್ದು ಕೇಳಲು ಚೆನ್ನಾಗಿದೆ. ಕಹಿಯೂ ಇದೆ, ಅದನ್ನು ಬಿಟ್ಟರೆ ಮೋಸ. 1813ರಲ್ಲಿ ಬಾಂಬೆಯಲ್ಲಿ ನೀರಿಗಿಳಿದ ಕಾರ್ನ್‌ವಾಲಿಸ್ ಹಡಗಿನ ಮೇಲೆಯೇ 1842ರ ಆಗಸ್ಟ್ 29ರಂದು ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. ಅಫೀಮಿನ ಯುದ್ಧದಲ್ಲಿ ಸೋತ ಚೀನಾ ಹಾಂಗ್‌ಕಾಂಗ್ ಕೊಟ್ಟಿದ್ದು ಆಗಲೇ. ನಮ್ಮ ನೆಲದಲ್ಲಿ ಬೆಳೆದ ಅಫೀಮು, ನಮ್ಮ ಮರದ ಹಡಗು, ಪಕ್ಕದ ದೇಶದ ಅವಮಾನ. ಇನ್ನೊಂದು ಕಡೆ, 1824ರಲ್ಲಿ ಕಟ್ಟಿದ ಏಷ್ಯಾ ಎಂಬ ಹಡಗು 1827ರ ನವರಿನೋ ಕದನದಲ್ಲಿ ಅಡ್ಮಿರಲ್ ಕಾಡ್ರಿಂಗ್ಟನ್ನನ ಮುಖ್ಯ ಹಡಗಾಗಿತ್ತು. ಗ್ರೀಸ್ ಸ್ವತಂತ್ರವಾಗಲು ದಾರಿ ಮಾಡಿದ ಕದನ, ಬರೀ ಹಾಯಿಹಡಗುಗಳೇ ಹೊಡೆದಾಡಿದ ಕೊನೆಯ ದೊಡ್ಡ ಕದನ. ಮರಕ್ಕೆ ಯಾವ ಪಕ್ಷವೂ ಇಲ್ಲ, ಬಳಸಿದವರಿಗೆ ಇದೆ. 1815ರ ವೆಲ್ಲೆಸ್ಲಿ ಹಡಗಂತೂ 1940ರಲ್ಲಿ ಥೇಮ್ಸ್ ನದಿಯಲ್ಲಿ ಜರ್ಮನ್ ವಿಮಾನದ ಬಾಂಬಿಗೆ ಸಿಕ್ಕಿ ಮುಳುಗಿತು. ಬಾಂಬೆಯ ಬಡಗಿಗಳು ಕಟ್ಟಿದ ಹಡಗು ಹಿಟ್ಲರನ ಕಾಲದವರೆಗೂ ನೀರಿನ ಮೇಲೆ ಇತ್ತು!

ಈಗ ನಮ್ಮ ಮಂಡ್ಯ ಮೈಸೂರಿನವರಿಗೆ ಹೇಳಲೇಬೇಕಾದ ಹಡಗು. ಅದರ ಹೆಸರು ಸೆರಿಂಗಪಟಂ, ಅಂದರೆ ಶ್ರೀರಂಗಪಟ್ಟಣ. 1819ರಲ್ಲಿ ಬಾಂಬೆಯಲ್ಲಿ ತೇಗದಲ್ಲೇ ಕಟ್ಟಿದ್ದು, 46 ಫಿರಂಗಿ. ಕೋಟೆ ಬಿದ್ದು ಇಪ್ಪತ್ತು ವರ್ಷ ಆಗಿತ್ತು. ಗೆದ್ದ ಊರಿನ ಹೆಸರನ್ನು ಹಡಗಿಗೆ ಇಡುವುದು ಅವರ ರೂಢಿ. ನನಗೆ ಕಣ್ಣು ತೆಗೆಯಲಾಗದಂಥದ್ದು ಅದರ ಮೂತಿಯ ಮೇಲಿದ್ದ ಮರದ ಗೊಂಬೆ. ಅದನ್ನು ಈಗ ಗ್ರೀನಿಚ್‌ನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯ ಇಟ್ಟುಕೊಂಡಿದೆ. ಮಾತಿನ ದಿನ ಫೋಟೋ ತೋರಿಸಿದ್ದೆ, ಇಲ್ಲಿ ಮಾತಿನಲ್ಲಿ ಹೇಳುತ್ತೇನೆ. ದೊಡ್ಡ ಹಕ್ಕಿ, ಪುರಾಣದ ಹಕ್ಕಿಯಂತೆ ಕೊಕ್ಕು ಬಾಗಿದೆ. ಅದರ ಬೆನ್ನ ಮೇಲೆ ಪೇಟ ಸುತ್ತಿದ ಒಬ್ಬ ಸವಾರ. ಕೈಯಲ್ಲಿ ಕೊಡೆ. ಆ ಸವಾರ ಟಿಪ್ಪು ಸುಲ್ತಾನ್ ಎಂದು ಸಂಗ್ರಹಾಲಯ ಗುರುತಿಸುತ್ತದೆ. ಟಿಪ್ಪುವಿನ ಸಿಂಹಾಸನದ ಮೇಲೆ ರತ್ನದ ಹುಮಾ ಹಕ್ಕಿ ಇತ್ತಲ್ಲ, ಲೂಟಿಯಲ್ಲಿ ಇಂಗ್ಲೆಂಡಿನ ಅರಮನೆ ಸೇರಿದ್ದು, ನನಗೆ ತಕ್ಷಣ ಅದು ನೆನಪಾಯಿತು. ಕೆತ್ತಿದವನ ಮನಸ್ಸಿನಲ್ಲಿ ಏನಿತ್ತೋ, ಗೊಂಬೆಯಲ್ಲಿ ಮಾತ್ರ ಅಪಹಾಸ್ಯ ಕಾಣುವುದಿಲ್ಲ, ಗಾಂಭೀರ್ಯ ಇದೆ. ಮಂಗಳೂರಿನಲ್ಲಿ ತಂದೆಯ ಹಡಗುಗಳನ್ನು ಸುಟ್ಟ ನೌಕಾಪಡೆಯ ಹಡಗಿನ ಮುಂದೆ ಕೂತು ಮಗನ ರೂಪ ಪೆಸಿಫಿಕ್‌ನಲ್ಲಿ ಟಹೀಟಿ, ಟೊಂಗಾದವರೆಗೆ ಹೋಗಿ ಬಂತು. ಹಡಗು ಕೊನೆಗೆ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಬಹಳ ಕಾಲ ನಿಂತಿತ್ತು, 1873ರಲ್ಲಿ ಒಡೆದು ಹಾಕಿದರು.

ಟ್ರಿಂಕೋಮಲಿಗೂ ಅದೇ ಗತಿ ಬರಬೇಕಿತ್ತು. 1897ರಲ್ಲಿ ಗುಜರಿಗೆ ಮಾರಿಬಿಟ್ಟಿದ್ದರು. ಅದೇ ವರ್ಷ ಜೂನ್‌ನಲ್ಲಿ ನೆಲ್ಸನ್ನನ ಹಳೆಯ ಹಡಗು ಫೂಡ್ರಯಾಂಟ್ ಬ್ಲ್ಯಾಕ್‌ಪೂಲ್ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದುಹೋಯಿತು. ಅದರಲ್ಲಿ ಹುಡುಗರಿಗೆ ಕಡಲ ತರಬೇತಿ ಕೊಡುತ್ತಿದ್ದ ವೀಟ್ಲಿ ಕಾಬ್ ಎಂಬ ಸಿರಿವಂತ ಬದಲಿ ಹಡಗು ಹುಡುಕಿ, ಗುಜರಿಯವನ ಕೈಯಿಂದ ಟ್ರಿಂಕೋಮಲಿಯನ್ನು ಕೊಂಡುಕೊಂಡ. ಹೆಸರನ್ನೂ ಫೂಡ್ರಯಾಂಟ್ ಎಂದೇ ಇಟ್ಟ. ಆ ಹೆಸರಿನಲ್ಲಿ 1986ರವರೆಗೆ ಮಕ್ಕಳ ತರಬೇತಿ ನಡೆಯಿತು. ಆಮೇಲೆ ಹಾರ್ಟ್ಲ್‌ಪೂಲ್‌ಗೆ ತಂದು, 1990ರಿಂದ 2001ರವರೆಗೆ ರಿಪೇರಿ ಮಾಡಿ, ಹಳೆಯ ಹೆಸರನ್ನೇ ಮತ್ತೆ ಕೊಟ್ಟರು. ಇಷ್ಟೆಲ್ಲ ಆದ ಮೇಲೂ ಒಡಲಿನ ಅರ್ಧಕ್ಕಿಂತ ಜಾಸ್ತಿ ಮರ 1817ರದ್ದೇ.

ಇತ್ತ ಮಲಬಾರಿನಲ್ಲಿ 1840ರ ಹೊತ್ತಿಗೆ ಒಳ್ಳೆಯ ತೇಗ ಮುಗಿಯುತ್ತ ಬಂದಿತ್ತು. ಕಲೆಕ್ಟರ್ ಕಾನೊಲಿ ನಿಲಂಬೂರಿನಲ್ಲಿ ತೇಗದ ಸಸಿ ನೆಡಿಸಲು ಶುರುಮಾಡಿದ್ದು ಆಗ. ಆ ತೋಪಿನ ಒಂದು ಭಾಗವನ್ನು ಈಗಲೂ ಉಳಿಸಿದ್ದಾರೆ.

ಕೊನೆಗೆ ಬಹಳ ಜನ ಕೇಳಿದ ಪ್ರಶ್ನೆ: ಇದನ್ನೆಲ್ಲ ಎಲ್ಲಿ ನೋಡಬಹುದು? ಟ್ರಿಂಕೋಮಲಿಯ ಒಳಗೆ ಟಿಕೆಟ್ ತೆಗೆದುಕೊಂಡು ಓಡಾಡಬಹುದು, ಕೆಳ ಅಟ್ಟಕ್ಕೂ ಇಳಿಯಬಹುದು. ಗ್ರೀನಿಚ್‌ಗೆ ಹೋಗುವವರು ಗೊಂಬೆ ಪ್ರದರ್ಶನದಲ್ಲಿ ಇದೆಯೇ ಎಂದು ಮೊದಲೇ ಕೇಳಿಕೊಂಡು ಹೋಗಿ, ವಸ್ತುಗಳನ್ನು ಬದಲಿಸುತ್ತಿರುತ್ತಾರೆ. ನಿಲಂಬೂರು ನಮಗೆ ಗೂಡಲೂರು ದಾಟಿದರೆ ಸಿಗುತ್ತದೆ. ಹಡಗು ಹುಟ್ಟಿದ ಬಾಂಬೆಯ ಡಾಕ್ ಇನ್ನೂ ಕೆಲಸದಲ್ಲಿದೆ, ಆದರೆ ಅದು ಭಾರತೀಯ ನೌಕಾಪಡೆಯ ಡಾಕ್‌ಯಾರ್ಡ್ ಒಳಗಿದೆ. ಅನುಮತಿ ಇಲ್ಲದೆ ಲಯನ್ ಗೇಟ್ ದಾಟಲು ಬಿಡುವುದಿಲ್ಲ.